ಹಳೇ ಪೇಜ್‌ಮೇಕರ್ ಫೈಲಿನಿಂದ ಪುಸ್ತಕ ಹೊರತೆಗೆದದ್ದು: ನನ್ನ ಅನುಭವ

ಗದಗಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಕಳೆದ ವರ್ಷ ದೀಪಾವಳಿ ಮುಗಿದ ವಾರವೇ ನಮ್ಮ ಹಿರಿಯ ಮಾಸ್ತರೊಬ್ಬರು ಬಂದು ಮೇಜಿನ ಮೇಲೆ ಒಂದು ಸಿಡಿ ಇಟ್ಟರು. ಅವರು ಊರೂರು ತಿರುಗಿ ಬರೆದುಕೊಂಡ ಬೀಸುವ ಪದಗಳ ಸಂಗ್ರಹವನ್ನು 2002ರಲ್ಲಿ ಕಂಪೋಸ್ ಮಾಡಿದವನು ನಾನೇ. ಸಿಡಿಯ ಮೇಲೆ ಮಾರ್ಕರ್‌ನಲ್ಲಿ ಬರೆದದ್ದೂ ನನ್ನದೇ ಅಕ್ಷರ. ‘ನನ್ನ ಹತ್ತಿರ ಇರುವ ಒಂದು ಬಿಟ್ಟರೆ ಪ್ರತಿಗಳೇ ಉಳಿದಿಲ್ಲ, ಮತ್ತೊಮ್ಮೆ ಅಚ್ಚು ಹಾಕಿಸಬೇಕು. ಫೈಲ್ ಅಂತೂ ಇದೆಯಲ್ಲ’ ಅಂದರು.

ಫೈಲ್ ಏನೋ ಇತ್ತು, ತೆರೆಯುವ ಪ್ರೋಗ್ರಾಂ ಇರಲಿಲ್ಲ. ಅದು ಪುಸ್ತಕದ ಪುಟ ಜೋಡಿಸುವ ಪ್ರೋಗ್ರಾಂ ಆದ ಪೇಜ್‌ಮೇಕರ್ 6.5ರ ಫೈಲು. ಪೇಜ್‌ಮೇಕರಿನ ಕೊನೆಯ ಆವೃತ್ತಿಯಾದ 7 ಬಂದದ್ದು 2001ರಲ್ಲಿ, ಆಮೇಲೆ ಅದರ ಜಾಗಕ್ಕೆ ಇನ್‌ಡಿಸೈನ್ ಬಂತು. ಸಿಎಸ್6 ಆವೃತ್ತಿವರೆಗಿನ ಇನ್‌ಡಿಸೈನ್ ಈ ಫೈಲುಗಳನ್ನು ತೆರೆಯುತ್ತಿತ್ತು, ಅದರ ನಂತರದವು ತೆರೆಯುವುದಿಲ್ಲ. ಅಂಗಡಿಯಲ್ಲಿ ಈಗಿರುವುದು ವಿಂಡೋಸ್ 11ರ ಲ್ಯಾಪ್‌ಟಾಪ್. ಹಳೇ ಸೆಟಪ್ ಸಿಡಿ ಹಾಕಿ ನೋಡಿದೆ, ಏಳಲೇ ಇಲ್ಲ. ಆ ಕಾಲದ ಎಷ್ಟೋ ಪ್ರೋಗ್ರಾಂಗಳು 32 ಬಿಟ್‌ನವಾದರೂ ಅವುಗಳ ಸೆಟಪ್ ಮಾತ್ರ 16 ಬಿಟ್‌ನದು. ವಿಂಡೋಸ್ 11ರಂಥ 64 ಬಿಟ್ ವಿಂಡೋಸ್ 16 ಬಿಟ್‌ನದನ್ನು ನಡೆಸುವುದೇ ಇಲ್ಲ.

ಪುಸ್ತಕ ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಗುರುತಿಸುವ ಒಸಿಆರ್ ಹಾಕಿದರೆ ಮುಗೀತಲ್ಲ ಅಂದ ಮಗ. ಹತ್ತು ಪುಟ ಮಾಡಿ ನೋಡಿದೆವು. ಮುನ್ನುಡಿ ಚೆನ್ನಾಗಿಯೇ ಬಂತು. ಹಾಡುಗಳಿಗೆ ಬಂದಾಗ ನಮ್ಮ ಕಡೆಯ ಆಡುಮಾತಿನ ಒತ್ತುಗಳಲ್ಲಿ ಎಡವತೊಡಗಿತು. ಅವನ್ನೆಲ್ಲ ತಿದ್ದುವುದಕ್ಕಿಂತ ಹಳೇ ಮಷಿನನ್ನೇ ಹೊಸದರೊಳಗೆ ಕಟ್ಟಿ ಫೈಲ್ ತೆರೆಯೋಣ ಅಂತ ತೀರ್ಮಾನಿಸಿದೆ.

ಮೊದಲ ಚಿಂತೆ ಸಿಡಿಯದು. ನಾವೇ ಬರೆದ ಸಿಡಿಗಳಿಗೆ ಆಯುಷ್ಯ ಕಡಿಮೆ. ಇದರ ಅಂಚು ಆಗಲೇ ಮಸುಕಾಗಿತ್ತು, ಅರ್ಧ ಕಾಪಿಯಾಗಿ ನಿಂತುಬಿಡುತ್ತಿತ್ತು. ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಓಡಿಸಿದೆ. ಓದಲು ಬಂದ ಭಾಗವನ್ನು ಅದು ಮೊದಲು ಎತ್ತಿಟ್ಟು, ಬಾರದ್ದನ್ನು ಒಂದು ಮ್ಯಾಪ್ ಫೈಲಿನಲ್ಲಿ ಗುರುತು ಹಾಕಿಕೊಳ್ಳುತ್ತದೆ. ಆ ಮ್ಯಾಪ್ ಉಳಿಸಿಕೊಂಡು ಬೇರೊಂದು ಡ್ರೈವಿನಲ್ಲಿ ಸಿಡಿ ಹಾಕಿದರೆ ಬಿಟ್ಟುಹೋದ ತುಣುಕುಗಳಿಗಷ್ಟೇ ಮತ್ತೆ ಕೈ ಹಾಕುತ್ತದೆ. ಒಂದು ಡ್ರೈವಿಗೆ ಸಿಗದ್ದು ಇನ್ನೊಂದಕ್ಕೆ ಸಿಕ್ಕಿತು. ರಾತ್ರಿಯಿಡೀ ಓಡಿ ಬೆಳಿಗ್ಗೆ ಹೊತ್ತಿಗೆ ಇಡೀ ಸಿಡಿಯ ತದ್ರೂಪು ಒಂದೇ ಫೈಲಿನಲ್ಲಿ, ಇಮೇಜ್ ಆಗಿ ಕೂತಿತ್ತು. ಆಮೇಲೆ ಆ ಸಿಡಿಯನ್ನು ನಾನು ಮುಟ್ಟಲೇ ಇಲ್ಲ.

ಹಳೇ ಮಷಿನ್ ಕಟ್ಟಲು ಬಳಸಿದ್ದು ವರ್ಚುವಲ್‌ಬಾಕ್ಸ್, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಸಾಫ್ಟ್‌ವೇರಿನಲ್ಲೇ ಓಡಿಸುವ ಪ್ರೋಗ್ರಾಂ. ಪುಸ್ತಕ ತಯಾರಾದದ್ದು ವಿಂಡೋಸ್ 98ರಲ್ಲಿ, ಹಾಗಾಗಿ ಮೊದಲು ಅದನ್ನೇ ಹಾಕಿದೆ. ಆದರೆ ಒಳಗಿನ ಮಷಿನ್‌ಗೆ ಹಾಕುವ ಪೂರಕ ಡ್ರೈವರುಗಳು, ಅಂದರೆ ವರ್ಚುವಲ್‌ಬಾಕ್ಸಿನ ಗೆಸ್ಟ್ ಅಡಿಷನ್ಸ್, 98ಕ್ಕೆ ಇಲ್ಲ. ಪರದೆ 16 ಬಣ್ಣದಲ್ಲೇ ನಿಂತಿತು, ಹೊರಗಿನ ಫೋಲ್ಡರಿನ ಜೊತೆ ಕೊಡು-ಕೊಳ್ಳುವ ದಾರಿಯೂ ಇರಲಿಲ್ಲ. ಎಕ್ಸ್‌ಪಿ ಹಾಕಬಹುದಿತ್ತು, ಆದರೆ ಅದಕ್ಕೆ 30 ದಿನದೊಳಗೆ ಆಕ್ಟಿವೇಶನ್ ಆಗಬೇಕು. ಇಂಟರ್ನೆಟ್ಟೇ ಕೊಡಬಾರದೆಂದುಕೊಂಡ ಮಷಿನ್‌ಗೆ ಅದೊಂದು ತಾಪತ್ರಯ. ಕೊನೆಗೆ ಆರಿಸಿದ್ದು ವಿಂಡೋಸ್ 2000. ಇದಕ್ಕೆ ಸಿಡಿಯ ಕೀ ಸಾಕು, ಗೆಸ್ಟ್ ಅಡಿಷನ್ಸ್ ಕೂಡ ಕೂರುತ್ತದೆ, ಪೇಜ್‌ಮೇಕರ್ 6.5 ತಕರಾರಿಲ್ಲದೆ ಓಡುತ್ತದೆ. ಇಂಥ ಕೆಲಸಕ್ಕೆ ಯಾರೇ ಕೇಳಿದರೂ ನಾನು ಮೊದಲು ಹೇಳುವ ಹೆಸರು ವಿಂಡೋಸ್ 2000.

ಅದಕ್ಕೆ ಕೊಟ್ಟದ್ದು 512 ಎಂಬಿ ರ್‍ಯಾಮ್, 8 ಜಿಬಿ ಡಿಸ್ಕ್, ಒಂದೇ ಒಂದು ಪ್ರೊಸೆಸರ್. ಡಿಸ್ಕನ್ನು ಹಳೇ ಮಾದರಿಯ ಐಡಿಇ ಕಂಟ್ರೋಲರಿಗೇ ಜೋಡಿಸಬೇಕು. ಹೊಸ ಮಾದರಿಯ ಸಾಟಾಗೆ ಜೋಡಿಸಿದರೆ ಡ್ರೈವರ್ ಇಲ್ಲದೆ ಸೆಟಪ್‌ಗೆ ಡಿಸ್ಕೇ ಕಾಣುವುದಿಲ್ಲ. ನೆಟ್‌ವರ್ಕ್ ಅಡಾಪ್ಟರ್ ಪೂರ್ತಿ ತೆಗೆದೆ. ವಿಂಡೋಸ್ 2000ಕ್ಕೆ ಕೊನೆಯ ಭದ್ರತಾ ತೇಪೆಗಳು ಬಂದದ್ದು 2010ರಲ್ಲಿ, ಅದನ್ನು ಇಂದಿನ ಇಂಟರ್ನೆಟ್ಟಿಗೆ ಒಡ್ಡಬಾರದು.

ಇಷ್ಟಾದರೂ ಕಿಟಕಿಗಳು ತೆವಳುತ್ತಿದ್ದವು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಣ್ಣಿಗೆ ಬಿದ್ದದ್ದು ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿದ್ದ ಒಂದು ಹಸಿರು ಆಮೆಯ ಚಿತ್ರ. ಲ್ಯಾಪ್‌ಟಾಪಿನ ವಿಂಡೋಸು ಪ್ರೊಸೆಸರಿನ ವರ್ಚುವಲೈಸೇಶನ್ ಸೌಲಭ್ಯವನ್ನು ತಾನೇ ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕವೇ ಹೋಗಬೇಕಾಗಿದೆ ಅನ್ನುವುದರ ಗುರುತು ಅದು. ನನ್ನ ಲ್ಯಾಪ್‌ಟಾಪಿನಲ್ಲಿ ಕಾರಣ ವಿಂಡೋಸ್ ಸೆಕ್ಯುರಿಟಿಯೊಳಗಿನ ಮೆಮೊರಿ ಇಂಟೆಗ್ರಿಟಿ. ಅದನ್ನು ಆಫ್ ಮಾಡಿ ರೀಸ್ಟಾರ್ಟ್ ಮಾಡಿದಾಗ ಆಮೆ ಹೋಗಿ ಪೇಜ್‌ಮೇಕರ್ ಚಕಚಕನೆ ತೆರೆಯಿತು. ಅದು ಕಾವಲಿನ ಸೌಲಭ್ಯ, ಕೆಲಸ ಮುಗಿದ ದಿನವೇ ಮತ್ತೆ ಹಾಕಿದೆ. ನೀವೂ ಮರೆಯಬೇಡಿ.

ಫೈಲ್ ತೆರೆದರೆ ಎದುರಿಗೆ ಪ್ಯಾನೋಸ್ ಡಬ್ಬಿ: ಇಂಥ ಫಾಂಟ್ ಇಲ್ಲ, ಬದಲಿಗೆ ಇದನ್ನು ಹಾಕಲೇ? ಇಲ್ಲಿ ಅವಸರಕ್ಕೆ ಓಕೆ ಒತ್ತಿ, ಫೈಲನ್ನು ಸೇವ್ ಮಾಡಿದರೆ ಕೆಟ್ಟಿರಿ. ಪುಸ್ತಕದಲ್ಲಿದ್ದವು ನುಡಿ ಫಾಂಟುಗಳು. ಅದೇ ಕಾಲದ ಫಾಂಟನ್ನೇ ಹಾಕಬೇಕು, ಅಕ್ಷರದ ಅಗಲ ಒಂದು ಕೂದಲೆಳೆ ಬೇರೆಯಾದರೂ ಸಾಲು ಮುರಿಯುವ ಜಾಗ ಬದಲಾಗಿ ಪುಟವೇ ಜರುಗುತ್ತದೆ. ಸಿಡಿಯಲ್ಲಿ ಫಾಂಟ್ ಫೋಲ್ಡರ್ ಇತ್ತು, ಆದರೆ ಶೀರ್ಷಿಕೆಯ ಫಾಂಟ್ ಒಂದು ಇರಲಿಲ್ಲ. ಅಟ್ಟದ ಮೇಲಿದ್ದ ಇನ್ನೊಂದು ಸಿಡಿಯಲ್ಲಿ ಅದು ಸಿಕ್ಕಿತು. ಅದನ್ನೂ ಹಾಕಿ ತೆರೆದಾಗ 2002ರ ಪುಟ ಅಚ್ಚಿನಲ್ಲಿದ್ದ ಹಾಗೇ ಪರದೆ ಮೇಲೆ ಬಂತು. ಸಾಲಿಗೆ ಸಾಲು ಸರಿ. ಆ ಹೊತ್ತು ಅಂಗಡಿಯಲ್ಲಿ ಒಬ್ಬನೇ ಇದ್ದೆ, ಬಹಳ ಹೊತ್ತು ಅದನ್ನೇ ನೋಡುತ್ತ ಕೂತೆ.

ಇನ್ನು ಅಕ್ಷರಗಳನ್ನು ಯೂನಿಕೋಡಿಗೆ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಇಂದಿನ ಪದ್ಧತಿಗೆ ತರಬೇಕು. ಆಗಿನ ನಮ್ಮ ಫಾಂಟುಗಳಲ್ಲಿ ಕನ್ನಡ ಅನ್ನುವುದು ಕಂಪ್ಯೂಟರಿಗೆ ಗೊತ್ತೇ ಇರಲಿಲ್ಲ. ‘ಕನ್ನಡ’ ಅಂತ ಟೈಪ್ ಮಾಡಿದರೆ ಒಳಗೆ ಕೂರುತ್ತಿದ್ದದ್ದು ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಪೌಂಡಿನ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಂದು ಗೀಟಿನ ಎ. ಪೌಂಡು ಮತ್ತು ಗೀಟಿನ ಎ ಸೇರಿದರೆ ನ, ಜರ್ಮನ್ ಎಸ್ಸೇ ಅದರ ಒತ್ತು. ನುಡಿ ಫಾಂಟ್ ಹಾಕಿದಾಗಷ್ಟೇ ಇದು ಕಣ್ಣಿಗೆ ಕನ್ನಡ. ಅರ್ಕಾವೊತ್ತು ಬರುವುದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ‘ವರ್ಷ’ದಲ್ಲಿ ಷ ಆದ ಮೇಲೆ. ಯೂನಿಕೋಡಿನಲ್ಲಿ ರ ಮೊದಲು ಬರಬೇಕು. ಇದನ್ನೆಲ್ಲ ಪರಿವರ್ತಕಗಳು ಈಗ ಚೆನ್ನಾಗಿಯೇ ಮಾಡುತ್ತವೆ.

ತೊಂದರೆ ಬರುವ ಜಾಗಗಳು ಬೇರೆ. ಪೇಜ್‌ಮೇಕರಿನಿಂದ ಬರೀ ಟೆಕ್ಸ್ಟ್ ಆಗಿ ಹೊರತೆಗೆದರೆ ಫಾಂಟಿನ ಮಾಹಿತಿ ಹೋಗುತ್ತದೆ. ಆಗ ಮುನ್ನುಡಿಯ ನಡುವಿನ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಕಲಸಿಹಾಕುತ್ತದೆ. ಅದಕ್ಕೇ ಫಾಂಟಿನ ಮಾಹಿತಿ ಉಳಿಸಿಕೊಳ್ಳುವ ಆರ್‌ಟಿಎಫ್ ಆಗಿ ತೆಗೆದು, ಯಾವ ತುಂಡು ನುಡಿ ಫಾಂಟಿನದು ಅಂತ ನೋಡಿ ಅಷ್ಟನ್ನೇ ಬದಲಿಸಿದೆ. ಇದಕ್ಕಿಂತ ಸೂಕ್ಷ್ಮವಾದದ್ದು ಅರ್ಧಾಕ್ಷರ. ಮಾಸ್ತರು ಹಾಡುವವರ ಉಸಿರಿಗೆ ತಕ್ಕಂತೆ ಕೆಲವು ಕಡೆ ‘ಹಾಡ್‌ತಾಳ’ ಅಂತ ಬಿಡಿಸಿ, ಕೆಲವು ಕಡೆ ‘ಹಾಡ್ತಾಳ’ ಅಂತ ಒತ್ತು ಕೊಟ್ಟು ಬರೆದಿದ್ದರು. ಹಳೇ ಫಾಂಟಿನಲ್ಲಿ ಇವೆರಡೂ ಬೇರೆ ಬೇರೆ ತುಣುಕುಗಳಾಗಿ ಉಳಿದಿದ್ದವು. ಪರಿವರ್ತಿಸಿದಾಗ ನಡುವೆ ಅಕ್ಷರಗಳನ್ನು ಬೇರ್ಪಡಿಸುವ, ಕಣ್ಣಿಗೆ ಕಾಣದ ಚಿಹ್ನೆ ಸೇರದಿದ್ದರೆ ಎರಡೂ ಒಂದೇ ಆಗಿಬಿಡುತ್ತವೆ. ನನ್ನ ಮೊದಲ ಪ್ರತಿಯಲ್ಲಿ ಹಾಗೇ ಆಗಿತ್ತು. ಹಳೇ ಕಿಟಕಿಯನ್ನು ಎಡಕ್ಕೆ, ಹೊಸ ಕಡತವನ್ನು ಬಲಕ್ಕೆ ಇಟ್ಟುಕೊಂಡು ಒಂದೊಂದನ್ನೂ ಸರಿಪಡಿಸಿದೆ. ಮೂರು ವಾರ ಹಿಡಿಯಿತು.

ಕರಡು ತಿದ್ದುವಾಗ ಮಾಸ್ತರು ಅಚ್ಚಾದ ಹಳೇ ಪುಸ್ತಕ ಹಿಡಿದು ಓದುವುದು, ನಾನು ಹೊಸದನ್ನು ನೋಡುವುದು. ಒಂದು ಹಾಡಿನ ಕೊನೆಗೆ ಅವರು ನಿಲ್ಲಿಸಿದರು, ನನ್ನ ಪರದೆಯಲ್ಲಿ ಇನ್ನೂ ಮೂರು ಸಾಲು ಇತ್ತು. ಒಂದು ತ್ರಿಪದಿ. ‘ಇದೆಲ್ಲಿಂದ ಬಂತು?’ ಅಂದರು.

ವಿಂಡೋಸ್ 2000ಕ್ಕೆ ಹೋಗಿ ಆ ಪುಟ ತೆರೆದೆ. ನೋಡಿದರೆ ಏನೂ ಕಾಣದು, ಅಚ್ಚಿನಲ್ಲಿದ್ದಷ್ಟೇ ಇದೆ. ಬಾಣದ ಸಾಧನದಿಂದ ಆ ಹಾಡನ್ನು ಕ್ಲಿಕ್ ಮಾಡಿದಾಗ ಕೆಳಗಿನ ಹಿಡಿಕೆಯಲ್ಲಿ ಒಂದು ಸಣ್ಣ ಕೆಂಪು ತ್ರಿಕೋನ. ಪೇಜ್‌ಮೇಕರ್ ಬಲ್ಲವರಿಗೆ ಅದರ ಅರ್ಥ ಗೊತ್ತು: ಒಳಗೆ ಇನ್ನೂ ಪಠ್ಯವಿದೆ, ಜಾಗ ಸಾಲದೆ ಮಡಚಿಕೊಂಡಿದೆ. ಪ್ಲೇಟಿಗೆ ಕಳಿಸುವ ಹಿಂದಿನ ರಾತ್ರಿ ಮಾಸ್ತರೇ ಕೇಳಿದರೆಂದು ಹಾಡುಗಳ ಅಕ್ಷರವನ್ನು ಅರ್ಧ ಪಾಯಿಂಟ್ ದೊಡ್ಡದು ಮಾಡಿದ್ದೆ. ಪ್ರತಿ ಹಾಡನ್ನೂ ಬೇರೆ ಬೇರೆ ಚೌಕದಲ್ಲಿ ಕೂರಿಸಿದ್ದರಿಂದ ಉಕ್ಕಿದ್ದು ಮುಂದಿನ ಪುಟಕ್ಕೆ ಹರಿಯದೆ ಅಲ್ಲೇ ಅಡಗಿತ್ತು. ಹಿಡಿಕೆ ಹಿಡಿದು ಕೆಳಗೆ ಎಳೆದೆ, ಮೂರು ಸಾಲೂ ಇಳಿದು ಬಂದವು. ತವರಿನ ದಾರಿಯನ್ನು ನೆನೆಯುವ ಸಾಲುಗಳು.

ಮಾಸ್ತರು ಮನೆಗೆ ಹೋಗಿ ತಮ್ಮ ಹಳೇ ನೋಟ್‌ಬುಕ್ ತಂದರು. ಪೆನ್ಸಿಲಿನಲ್ಲಿ ಆ ತ್ರಿಪದಿ ಇತ್ತು, ಪಕ್ಕದಲ್ಲಿ ಹಾಡಿದ ಅಜ್ಜಿಯ ಹೆಸರೂ ಊರೂ ಇದ್ದವು. ಆ ಅಜ್ಜಿ ತೀರಿಕೊಂಡು ಬಹಳ ವರ್ಷ ಆಯಿತಂತೆ.

ಮರುದಿನ ಕೂತು ಪುಸ್ತಕದ ಒಂದೊಂದು ಚೌಕವನ್ನೂ ಕ್ಲಿಕ್ ಮಾಡುತ್ತ ಹೋದೆ. ಇನ್ನೂ ಎರಡು ಕೆಂಪು ತ್ರಿಕೋನ ಸಿಕ್ಕವು. ಒಂದರಲ್ಲಿ ಖಾಲಿ ಸಾಲುಗಳಷ್ಟೇ ಇದ್ದವು. ಇನ್ನೊಂದರಲ್ಲಿ ಒಂದು ಪದಕ್ಕೆ ಮಾಸ್ತರು ಕೊಟ್ಟ ಅರ್ಥವಿತ್ತು. ಎರಡನೇ ಮುದ್ರಣದಲ್ಲಿ ಅದೂ, ಆ ಮೂರು ಸಾಲೂ ಅವುಗಳ ಜಾಗದಲ್ಲಿವೆ, ಹಾಡಿನ ಕೆಳಗೆ ಅಜ್ಜಿಯ ಹೆಸರಿದೆ. ಕಟ್ಟಿದ ಆ ವಿಂಡೋಸ್ 2000 ಮಷಿನನ್ನು ಎರಡು ಡಿಸ್ಕಿಗೆ ನಕಲು ಮಾಡಿಟ್ಟಿದ್ದೇನೆ. ಅಟ್ಟದ ಮೇಲೆ ಇನ್ನೂ ಹನ್ನೊಂದು ಸಿಡಿಗಳಿವೆ.