ಐವತ್ತು ದಾಟಿದ ಮೇಲೆ ಮಿದುಳಿಗೆ ಬಸ್ಸಾರು

ಕೋಲಾರದ ಕಡೆಯವರು ಮಿದುಳು ಚೆನ್ನಾಗಿರಲೆಂದು ಓಟ್ಸ್, ಬ್ಲೂಬೆರಿ ಹುಡುಕಿಕೊಂಡು ಹೋಗಬೇಕಿಲ್ಲ. ಸರಿಯಾಗಿ ಮಾಡಿದರೆ ಬಸ್ಸಾರೇ ಒಳ್ಳೆಯ ಶುರು.

ನಾಲ್ಕು ಜನಕ್ಕೆ ಒಂದು ಲೋಟ ಹುರುಳಿ ಅಥವಾ ಅಲಸಂದೆಯನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ಕಾಳು ಮುಕ್ಕಾಲು ಬೆಂದ ಮೇಲೆ ಎರಡು ಕಂತೆ ದಂಟಿನ ಸೊಪ್ಪು ಹಾಕಿ, ಐದಾರು ನಿಮಿಷ ಬೇಯಿಸಿ ಬಸಿಯಿರಿ. ಸೊಪ್ಪಿನಲ್ಲಿರುವ ಫೋಲೇಟ್ ಎಂಬ ಬಿ ವಿಟಮಿನ್ ನೀರಿಗಿಳಿಯುತ್ತದೆ. ಬಸಿದ ಕಟ್ಟಿನಲ್ಲೇ ಸಾರು ಮಾಡುವುದರಿಂದ ಅದು ಮೋರಿ ಪಾಲಾಗುವುದಿಲ್ಲ. ಎಡವಟ್ಟಾಗುವುದು ಉಪ್ಪಿನಲ್ಲಿ. ಬೇಯಿಸುವಾಗ ಒಮ್ಮೆ, ಬಸಿದ ಕಾಳು, ಸೊಪ್ಪಿನ ಪಲ್ಯದ ಒಗ್ಗರಣೆಗೆ ಒಮ್ಮೆ, ಸಾರಿಗೆ ಮತ್ತೊಮ್ಮೆ, ಅದರ ಮೇಲೆ ಉಪ್ಪಿನಕಾಯಿ! ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ದಾಟಬಾರದು. ಬಿಪಿ ಏರಿದರೆ ಮಿದುಳಿನ ಸಣ್ಣ ರಕ್ತನಾಳಗಳು ಸದ್ದಿಲ್ಲದೆ ಹಾಳಾಗುತ್ತವೆ.

ಮುದ್ದೆ ಒಳ್ಳೆಯದೇ, ಆದರೆ ಹೊಲದಲ್ಲಿ ದುಡಿಯುವವರ ಗಾತ್ರ ಕೂತು ಕೆಲಸ ಮಾಡುವವರಿಗೆ ಬೇಡ. ಸಕ್ಕರೆ ಕಾಯಿಲೆಯಿದ್ದರೆ ಮುದ್ದೆ ಸಣ್ಣದು, ಪಲ್ಯ ಹೆಚ್ಚು. ಸಂಜೆಗೆ ಬೋಂಡದ ಬದಲು ಒಂದು ಹಿಡಿ ಹುರಿದ ಕಡಲೆಕಾಯಿ.

ಮಾಂಸ, ಮೊಟ್ಟೆ ಮುಟ್ಟದವರು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿರುವವರು ವಿಟಮಿನ್ ಬಿ12 ಪರೀಕ್ಷೆ ಮಾಡಿಸಿಕೊಳ್ಳಿ. ಇದರ ಕೊರತೆಯಿಂದಲೂ ಮರೆವು, ಪಾದ ಜೋಮು ಬರುತ್ತದೆ. ‘ವಯಸ್ಸಾಯ್ತು ಬಿಡಿ’ ಅಂತ ಸುಮ್ಮನಾಗುವುದೇ ದೊಡ್ಡ ತಪ್ಪು.

ನಡಿಗೆ ವಾರಕ್ಕೆ 150 ನಿಮಿಷ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಕಿವಿ ಮಂದವಾಗಿದ್ದರೆ ಮಿಷನ್ ಹಾಕಿಸಿ. ಕೇಳಿಸದವರು ಮೆಲ್ಲಗೆ ಜಗಲಿ ಮಾತಿನಿಂದ ಹಿಂದೆ ಸರಿಯುತ್ತಾರೆ, ಮಿದುಳಿಗೆ ಕೆಲಸವೇ ಕಡಿಮೆಯಾಗುತ್ತದೆ.