ಧಾರವಾಡದ ಬಿ.ಎಡ್, ಮುಂಬಯಿ ವಿಳಾಸ, ದುಬೈ ಶಾಲೆ: ಅಟೆಸ್ಟೇಶನ್ ಸಿಕ್ಕು ಬಿಡಿಸಿದ್ದು ಹೀಗೆ

ಸಮಸ್ಯೆ ಇಷ್ಟು: ದುಬೈ ಶಾಲೆಯ ಆಫರ್ ಲೆಟರ್ ಕೈಯಲ್ಲಿತ್ತು, ಆದರೆ ಅಟೆಸ್ಟೇಶನ್‌ಗೆ, ಅಂದರೆ ಪತ್ರ ಅಸಲಿ ಎಂಬ ಸರ್ಕಾರಿ ದೃಢೀಕರಣಕ್ಕೆ, ಕೊಟ್ಟ ಬಿ.ಎಡ್ ಪ್ರಮಾಣಪತ್ರ ಎರಡು ಸಲ ವಾಪಸ್ ಬಂತು.

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಮನೆ ಇದೆಯಲ್ಲ ಎಂದು ಮಹಾರಾಷ್ಟ್ರದ ಕಚೇರಿಗೆ ಕೊಟ್ಟಾಗ ಮುದ್ರೆ ಬೀಳಲಿಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಪದವಿ ಕೊಟ್ಟ ರಾಜ್ಯ, ವಾಸದ ವಿಳಾಸವಲ್ಲ. ನೋಟರಿ ಮಾಡಿಸಿದ ಝೆರಾಕ್ಸ್ ನಡೆಯಲಿಲ್ಲ. ಏಜೆಂಟ್ ಮಾಡಿಸಿದ ಅಪೊಸ್ಟಿಲ್ ಕೂಡ ದಂಡವಾಯಿತು. ಪತ್ರದ ಹಿಂಬದಿಗೆ ಅಂಟಿಸುವ ಆ ಚೌಕ ಸ್ಟಿಕರ್ ಒಮಾನ್, ಬಹರೇನ್, ಸೌದಿಗೆ ಸಾಕು, ಅವು ಪರಸ್ಪರರ ಅಪೊಸ್ಟಿಲ್ ಒಪ್ಪಿಕೊಳ್ಳುವ ಹೇಗ್ ಒಪ್ಪಂದದಲ್ಲಿವೆ. ದುಬೈ ಇರುವ ಯುಎಇ, ಕತಾರ್, ಕುವೈತ್ ಅದರಲ್ಲಿಲ್ಲ. ಏಜೆಂಟರು ‘ಗಲ್ಫ್’ ಎಂದು ಎಲ್ಲವನ್ನೂ ಒಂದೇ ಗಂಟು ಕಟ್ಟುತ್ತಾರೆ, ಎಡವುವುದು ಅಲ್ಲೇ.

ಕೆಲಸವಾದ ಕ್ರಮ: ಮೂಲ ಪ್ರಮಾಣಪತ್ರಕ್ಕೆ ಮೊದಲು ಕರ್ನಾಟಕ ಸರ್ಕಾರದ ದೃಢೀಕರಣ, ಬೆಂಗಳೂರಿನಲ್ಲಿ. ಆಮೇಲೆ ಭಾರತದ ವಿದೇಶಾಂಗ ಸಚಿವಾಲಯ. ಇಲ್ಲಿ ನೇರವಾಗಿ ಕೊಡಲಾಗದು, ಸಚಿವಾಲಯ ನೇಮಿಸಿದ ಏಜೆನ್ಸಿಯ ಮೂಲಕವೇ ಕೊಡಬೇಕು. ಅರ್ಜಿಯಲ್ಲಿ ಅಪೊಸ್ಟಿಲ್ ಅಲ್ಲ, ‘ನಾರ್ಮಲ್ ಅಟೆಸ್ಟೇಶನ್’ ಎಂದೇ ಗುರುತು ಹಾಕಿ, ದೇಶದ ಹೆಸರು ಬರೆಯಿರಿ. ಮೂರನೆಯದು ಯುಎಇ ರಾಯಭಾರ ಕಚೇರಿ, ಕೊನೆಯದು ಯುಎಇ ವಿದೇಶಾಂಗ ಇಲಾಖೆ. ಪ್ರತಿ ಹಂತದವರೂ ಹಿಂದಿನ ಮುದ್ರೆಯನ್ನಷ್ಟೇ ನೋಡುತ್ತಾರೆ, ಹಾಗಾಗಿ ಒಂದನ್ನೂ ಹಾರಿಸುವಂತಿಲ್ಲ.

ನಮ್ಮವರಿಗೆ ಇನ್ನೊಂದು ತೊಡಕು ಇನಿಷಿಯಲ್. ಪ್ರಮಾಣಪತ್ರದಲ್ಲಿ ‘ಎಸ್.ಬಿ.’, ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರು, ಮನೆತನದ ಹೆಸರು ಪೂರ್ತಿ. ಎರಡೂ ಒಬ್ಬರದೇ ಎಂಬ ಅಫಿಡವಿಟ್ಟನ್ನು ಮೊದಲ ಹಂತದಲ್ಲೇ ಲಗತ್ತಿಸಿದೆ. ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸಿದ್ದರೆ ಅದರ ಮೇಲೆ ಮುದ್ರೆ ಬೀಳದು. ಹಾಗೆಂದು ಕೀಳಬೇಡಿ, ಅಕ್ಷರಗಳೂ ಕಿತ್ತು ಬರುತ್ತವೆ. ವಿಶ್ವವಿದ್ಯಾಲಯವೇ ಕೊಡುವ ಡೂಪ್ಲಿಕೇಟ್ ಪ್ರಮಾಣಪತ್ರ ತರಿಸಿಕೊಳ್ಳಿ.