ಹಾರರ್ ಕಿರುಚಿತ್ರದ ಟೈಟಲ್: ಇಳಕಲ್ ಕುಣಿಮಗ್ಗದಲ್ಲಿ 45 ಸೆಕೆಂಡಿನ ಅಂಜಿಕೆ

ಹತ್ತು-ಹನ್ನೆರಡು ನಿಮಿಷದ ಕಿರುಚಿತ್ರಕ್ಕೆ 45 ಸೆಕೆಂಡಿನ ಟೈಟಲ್ (ಆರಂಭದಲ್ಲಿ ಹೆಸರುಗಳು ಬರುವ ಭಾಗ) ಧಾರಾಳವಾಯಿತು. ಅಷ್ಟರಲ್ಲಿ ಕಥೆ ಹೇಳಲು ಹೋಗಬೇಡಿ, ದೆವ್ವವನ್ನಂತೂ ತೋರಿಸಲೇಬೇಡಿ. ಕಣ್ಣಿಗೆ ಒಂದು ಕಂಡು ಕಿವಿಗೆ ಇನ್ನೊಂದು ಕೇಳಿದರೆ ಅಂಜಿಕೆ ತಾನಾಗಿ ಹುಟ್ಟುತ್ತದೆ. ನಮ್ಮ ಕಡೆ ಎಲ್ಲರೂ ಮೊದಲು ಕೈ ಹಾಕುವುದು ಗೋಳಗುಮ್ಮಟದ ಡ್ರೋನ್ ಶಾಟ್‌ಗೆ. ಅದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಸಿಕ್ಕರೂ ಪ್ರವಾಸೋದ್ಯಮದ ಜಾಹೀರಾತಿನ ಹಾಗೆ ಕಾಣುತ್ತದೆ. ಇಳಕಲ್‌ನ ಒಂದು ಕುಣಿಮಗ್ಗ (ನೇಕಾರರು ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವ ಕೈಮಗ್ಗ), ಒಂದು ಕಿಟಕಿ ಸಾಕು.

ಶಾಟ್ ಐದೇ, ಒಂದೊಂದೂ 9 ಸೆಕೆಂಡು. ಮೊದಲನೆಯದು ಎಳೆಗಳ ಕ್ಲೋಸಪ್. ಎರಡನೆಯದರಲ್ಲಿ ಅಡ್ಡ ನೂಲು ಹಾಯಿಸುವ ಲಾಳಿ ಕತ್ತಲೊಳಗೆ ಓಡಿ ಮರಳುತ್ತದೆ, ನೇಕಾರರ ಕೈ ಫ್ರೇಮಿನಲ್ಲಿ ಇರಕೂಡದು. ಮೂರನೆಯದೇ ಜೀವಾಳ: ಖಾಲಿ ಕುಣಿ, ಅಲುಗದೆ ನಿಂತ ಮಗ್ಗ, ಆದರೆ ನೇಯುವ ಸದ್ದು ಮಾತ್ರ ನಡೆದೇ ಇದೆ. ನಾಲ್ಕನೆಯದರಲ್ಲಿ ಕೆಂಪು ಸೆರಗು, ಇಡೀ ಟೈಟಲ್‌ನಲ್ಲಿ ಬಣ್ಣ ಅದೊಂದೇ. ಅಲ್ಲಿ ಸದ್ದು ಥಟ್ಟನೆ ನಿಲ್ಲಲಿ. ಚಿತ್ರದ ಹೆಸರು ಐದನೆಯದರಲ್ಲಿ, ಸದ್ದಿಲ್ಲದೆ ಬರಲಿ.

ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡು ಇಡಿ. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಬೇರೆ ಲೆಕ್ಕ ಹಿಡಿದರೆ ಟ್ಯೂಬ್‌ಲೈಟ್ ಮಿನುಗಬಹುದು. ಮೊಬೈಲ್ ಆದರೆ ಎಕ್ಸ್‌ಪೋಷರ್, ಫೋಕಸ್ ಎರಡನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಕತ್ತಲನ್ನು ಅದೇ ಬೆಳಗಿಸಿಬಿಡುತ್ತದೆ. ಹಾಸಿನ ಎಳೆಗೆ (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲಿಗೆ) ಸ್ಟ್ಯಾಂಡ್ ತಾಗಿಸಬೇಡಿ, ತುಂಡಾದರೆ ಒಂದೊಂದನ್ನೂ ಹುರಿ ಹಾಕಿ ಸೇರಿಸಬೇಕಾಗುತ್ತದೆ. ನೇಕಾರರಿಗೆ ಅರ್ಧ ದಿನದ ಕೂಲಿ ಮೊದಲೇ ಕೊಡಿ.

ಮೈಕನ್ನು ಮಗ್ಗದಿಂದ ಎರಡು-ಮೂರು ಅಡಿ ದೂರದಲ್ಲಿಟ್ಟು ಸದ್ದನ್ನು ಹಿಡಿಯಿರಿ. ತೀರ ಹತ್ತಿರವಾದರೆ ಪ್ರತಿ ಬಡಿತವೂ ಒಡೆಯುತ್ತದೆ. ಕರೆಂಟ್ ಹೋದಾಗ ರೆಕಾರ್ಡ್ ಮಾಡಿದರೆ ಇನ್ನೂ ಒಳ್ಳೆಯದು, ಪಕ್ಕದ ಪವರ್‌ಲೂಮ್‌ಗಳೂ ಸುಮ್ಮನಾಗಿರುತ್ತವೆ. ಖಾಲಿ ಕೋಣೆಯ ಸದ್ದನ್ನೂ ಒಂದು ನಿಮಿಷ ಹಿಡಿದಿಡಿ: ಬಡಿತ ನಿಂತಾಗ ಅದು ಅಡಿಯಲ್ಲಿ ಹರಿಯಬೇಕು. ಪೂರ್ತಿ ಸೊನ್ನೆ ಮಾಡಿದರೆ ನೋಡುವವನು ಮೊಬೈಲ್ ಕೆಟ್ಟಿತೆಂದು ತಿಳಿಯುತ್ತಾನೆ. ಮೊದಲು ಬಡಿತ ಒಂದೇ ಲಯದಲ್ಲಿ ಸಾಗಲಿ. ಖಾಲಿ ಕುಣಿ ಕಂಡ ಮೇಲೆ ಒಂದು ಬಡಿತವನ್ನು ಕತ್ತರಿಸಿ ತೆಗೆಯಿರಿ, ಆದರೆ ಅದರ ಜಾಗವನ್ನು ಖಾಲಿ ಬಿಡಿ. 1978ರ ಹಾರರ್ ಚಿತ್ರ ‘ಹ್ಯಾಲೋವೀನ್’ನ ಟೈಟಲ್ ಸಂಗೀತ ಐದರ ಎಣಿಕೆಯದು. ನಾಲ್ಕಕ್ಕೆ ಒಗ್ಗಿದ ಕಿವಿ ಅಲ್ಲಿ ಮುಗ್ಗರಿಸುವ ಹಾಗೆಯೇ ಇಲ್ಲಿಯೂ ಮುಗ್ಗರಿಸುತ್ತದೆ. ಅಡಿಯಲ್ಲಿ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಹಾಕುವ ಚಟ ಬಹಳ ಮಂದಿಗಿದೆ. ಮೊಬೈಲ್ ಸ್ಪೀಕರಿನಲ್ಲಿ ಅದು ಕೇಳುವುದೇ ಇಲ್ಲ. ಹಾಕುವುದಾದರೆ ಅದರ ಜೊತೆಗೆ 200 ಹರ್ಟ್ಸ್‌ನದೊಂದು ಮೆಲ್ಲಗೆ ಸೇರಿಸಿ.

ಎಲ್ಲರೂ ಎಡವುವುದು ಅಕ್ಷರದಲ್ಲಿ. 1979ರ ‘ಏಲಿಯನ್’ ಚಿತ್ರದಲ್ಲಿ ಹೆಸರು ಗೆರೆಗೆರೆಯಾಗಿ ಮೂಡುತ್ತದೆ. ಅದೇ ಮಾದರಿ ಅಕ್ಷರಕ್ಕಕ್ಷರ ಅನಿಮೇಷನ್ನನ್ನು ಕನ್ನಡಕ್ಕೆ ಹಚ್ಚಿದರೆ ಒತ್ತು ಒಂದು ಕಡೆ, ಗುಡಿಸು ಒಂದು ಕಡೆ ಸಿಡಿದು ಬೀಳಬಹುದು. ಯೂನಿಕೋಡ್ ಫಾಂಟಿನಲ್ಲಿ ಹೆಸರನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬರೆದು, ಆಕೃತಿಯಾಗಿ ಬದಲಿಸಿ, ತುಂಡುಗಳನ್ನು ಬೇರೆ ಬೇರೆ ಪಿಎನ್‌ಜಿ ಚಿತ್ರ ಮಾಡಿ. ‘ಮಗ್ಗ’ ಎಂಬ ಹೆಸರಿದ್ದರೆ ಮೊದಲು ಕೆಳಗಿನ ಒತ್ತೊಂದೇ ಮೂಡಲಿ, ಎರಡು ಸೆಕೆಂಡಿನ ಮೇಲೆ ಅಕ್ಷರದ ಮೈ, ಕಡೆಗೆ ತಲೆಕಟ್ಟು. ರಕ್ತ ಸೋರುವ ಫಾಂಟ್ ಬೇಡವೇ ಬೇಡ, ಜನ ನಗುತ್ತಾರೆ.

ಕಲಾವಿದರ ಹೆಸರಿಗೆ ತಲಾ 3 ಸೆಕೆಂಡು, ಆರಕ್ಕಿಂತ ಹೆಚ್ಚು ಬೇಡ, ಉಳಿದವರದು ಕೊನೆಗೆ. ಖಾಲಿ ಕುಣಿಯ ಮೇಲೆ ಯಾರ ಹೆಸರನ್ನೂ ಹಾಕಬೇಡಿ, ನಿರ್ಮಾಪಕರು ಎಷ್ಟೇ ಒತ್ತಾಯಿಸಲಿ.

ಯೂಟ್ಯೂಬಿಗೆ ಏರಿಸಿದ ಮೇಲೆ ಕಪ್ಪು ಭಾಗ ಪಟ್ಟೆಪಟ್ಟೆಯಾಗಿ ಕಂಡರೆ ಎಡಿಟಿಂಗ್‌ನಲ್ಲಿ ಸಣ್ಣಗೆ ಗ್ರೇನ್ (ಮರಳಿನಂಥ ಚುಕ್ಕೆಗಳು) ಸೇರಿಸಿ ಮತ್ತೆ ಏರಿಸಿ. ಅಗ್ಗದ ಮೊಬೈಲಿನಲ್ಲಿ, ಹಗಲು ಬೆಳಕಿನಲ್ಲಿ ಒಮ್ಮೆ ನೋಡಿ. ಕುಣಿಯ ಅಂಚು ಕಾಣದಿದ್ದರೆ ಅಷ್ಟು ಭಾಗವನ್ನು ಮಾತ್ರ ಸ್ವಲ್ಪ ಬೆಳಗಿಸಿ.